ಎಡಗೈಗೆ ಒಗ್ಗುವ ಕೋವಿ

ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ, ಕೈಲ್ ಮುಹೂರ್ತದ ಹಬ್ಬ ಬರುತ್ತದೆ. ಅಂದು ಮನೆಯ ಕೋವಿ, ಕತ್ತಿಗಳನ್ನೆಲ್ಲ ಒರೆಸಿ, ಗಂಧ ಹಚ್ಚಿ ಪೂಜೆಗಿಡುತ್ತಾರೆ. ಕೋವಿಯ ನಳಿಗೆಯನ್ನು ಕೆಂಪು ಹಳದಿ ಬೆರೆತ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸುತ್ತಾರೆ. ಕೊಡವರು ಆ ಹೂವನ್ನು ಕರೆಯುವುದೇ ತೋಕ್ ಪೂ, ಎಂದರೆ ಕೋವಿಯ ಹೂ ಎಂದು. ಹಬ್ಬದ ಊಟ ಮುಗಿದ ಬಳಿಕ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ.

ಅಂಥದೊಂದು ಮೈದಾನದಲ್ಲಿ ಹೀಗೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಓದು ಮುಗಿಸಿ ಹಬ್ಬಕ್ಕೆಂದು ಊರಿಗೆ ಬಂದಿರುವ ತರುಣನೊಬ್ಬನ ಸರದಿ. ಕೈಯಲ್ಲಿರುವುದು ಅಜ್ಜನ ಕಾಲದ, ಇಂಗ್ಲೆಂಡಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆಯ ಕೋವಿ. ಕಾಯಿ ಇರುವುದು 35 ಮೀಟರ್ ದೂರದಲ್ಲಿ. ತರುಣ ಸಹಜವಾಗಿಯೇ ಕೋವಿಯನ್ನು ಎಡಭುಜಕ್ಕೆ ಏರಿಸುತ್ತಾನೆ. ಹಿಂದಿನಿಂದ ನಗೆ ಕೇಳಿಬರುತ್ತದೆ. "ಮಗು, ಅದು ಅಜ್ಜನ ಕೋವಿ. ಬಲಕ್ಕಿಟ್ಟು ಹೊಡಿ" ಎಂದು ದೊಡ್ಡಪ್ಪ ಮೆಲ್ಲನೆ ಹೇಳುತ್ತಾರೆ. ಹಿರಿಯರ ಮಾತಿಗೆ ತಲೆಬಾಗಿ ಆತ ಕೋವಿಯನ್ನು ಬಲಭುಜಕ್ಕೆ ಬದಲಿಸಿ ಹೊಡೆಯುತ್ತಾನೆ. ಕಾಯಿ ಅಲುಗುವುದೇ ಇಲ್ಲ. ಎಡಗಡೆ ಎಲ್ಲಿಯೋ ಸೊಪ್ಪು ಉದುರುತ್ತದೆ. ಮುಖ ಕೆಂಪೇರಿದ ತರುಣ ಎರಡನೆಯ ತೋಟಾವನ್ನು ತನ್ನಿಚ್ಛೆಯಂತೆ ಎಡಭುಜದಿಂದಲೇ ಹೊಡೆಯುತ್ತಾನೆ. ಈ ಸಾರಿ ಒಂದೆರಡು ಚರೆಗಳು ಕಾಯಿಯ ಸಿಪ್ಪೆಯನ್ನು ಸವರಿ ಹೋಗುತ್ತವೆ; ಉಳಿದದ್ದೆಲ್ಲ ಬಲಕ್ಕೆ. ಕೆನ್ನೆಯ ಮೂಳೆಗೆ ಬಿದ್ದ ಪೆಟ್ಟು ಮಾತ್ರ ಎರಡು ದಿನ ಉಳಿಯುತ್ತದೆ.

ಎಡಚನಿಗೆ ಕೋವಿ ಆಗಿಬರುವುದಿಲ್ಲ ಎಂದು ಊರು ತೀರ್ಮಾನ ಕೊಟ್ಟುಬಿಡಬಹುದು. ಆದರೆ ಆ ತೀರ್ಮಾನ ಸರಿಯಲ್ಲ. ಮೊದಲ ಗುಂಡು ತಪ್ಪಿದ್ದು ಕಣ್ಣಿನ ಕಾರಣದಿಂದ, ಎರಡನೆಯದು ತಪ್ಪಿದ್ದು ಕೋವಿಯ ಮರದ ಕಾರಣದಿಂದ. ಎರಡರಲ್ಲಿಯೂ ಕೈಯ ತಪ್ಪೇನೂ ಇಲ್ಲ.

ಬಲಗೈಯವರಿಗಾಗಿ ಕಟ್ಟಿದ ಲೋಕ

ಮನುಷ್ಯರಲ್ಲಿ ಎಡಗೈಯವರು ಹತ್ತರಲ್ಲಿ ಒಬ್ಬರು. 2020ರಲ್ಲಿ ಪ್ರಕಟವಾದ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಈ ಪ್ರಮಾಣವನ್ನು ಶೇಕಡಾ 10.6 ಎಂದು ಲೆಕ್ಕ ಹಾಕಿತು. ಉಳಿದ ಒಂಬತ್ತು ಮಂದಿಯ ಅನುಕೂಲಕ್ಕೆಂದೇ ಕತ್ತರಿಯಿಂದ ಹಿಡಿದು ಶಾಲೆಯ ಕುರ್ಚಿಯ ಕೈಹಲಗೆಯವರೆಗೆ ಎಲ್ಲವೂ ತಯಾರಾಗುತ್ತದೆ. ಕನ್ನಡ ನಾಡಿನ ಮನೆಗಳಲ್ಲಿ ಎಡಗೈಯಿಂದ ತುತ್ತೆತ್ತಿದ ಮಗುವಿನ ಕೈಯನ್ನು ತಾಯಿ ತಿರುಗಿಸಿಡುವುದು ಹೊಸದಲ್ಲ. ಊಟ, ಬರಹಗಳಲ್ಲಿ ಈ ಬಲವಂತ ಒಂದಿಷ್ಟು ಕಣ್ಣೀರಿನಲ್ಲಿ ಮುಗಿಯಬಹುದು. ಸಿಡಿಮದ್ದು ತುಂಬಿದ ಆಯುಧದ ವಿಷಯದಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ.

ಕೋವಿ ಬಲಗೈಯದಾದುದಕ್ಕೆ ಹಳೆಯದೊಂದು ಕಾರಣವುಂಟು. ಚಕಮಕಿ ಕಲ್ಲಿನ ಬಂದೂಕಿನ ಕಾಲದಲ್ಲಿ ಕಿಡಿ ಹಾರಿಸುವ ಯಂತ್ರವೂ ಮದ್ದಿನ ಬಟ್ಟಲೂ ನಳಿಗೆಯ ಬಲಪಕ್ಕದಲ್ಲಿದ್ದವು. ಬಲಭುಜದಿಂದ ಹೊಡೆಯುವ ಸೈನಿಕನ ಮುಖ ಹಿಡಿಯ ಎಡಪಕ್ಕದಲ್ಲಿರುತ್ತದೆ. ಅವನಿಗೂ ಕಿಡಿಗೂ ನಡುವೆ ಮರ, ಕಬ್ಬಿಣಗಳ ಮರೆಯಿತ್ತು. ಎಡಭುಜದಿಂದ ಹೊಡೆಯುವವನಿಗೆ ಆ ಮರೆಯಿಲ್ಲ. ಮದ್ದಿನ ಜ್ವಾಲೆ ಅವನ ಕಣ್ಣೆದುರಿಗೇ ಎದ್ದಿತು. ಸಾಲಾಗಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಪಡೆಯಲ್ಲಿ ಒಬ್ಬನಿಗಾಗಿ ಬೇರೆ ಬಂದೂಕು, ಬೇರೆ ಕವಾಯತು ನಡೆಯಲು ಸಾಧ್ಯವಿರಲಿಲ್ಲ. ಸೇನೆ ಎಲ್ಲರನ್ನೂ ಬಲಗೈಯವರನ್ನಾಗಿ ಮಾಡಿತು. ಕಾರ್ಖಾನೆಗಳು ಸೇನೆಯ ದಾರಿ ಹಿಡಿದವು. ಕಿಡಿಯ ಬಟ್ಟಲು ಹೋಗಿ ತೋಟಾ ಬಂದಿತು. ಅಭ್ಯಾಸ ಮಾತ್ರ ಉಳಿಯಿತು.

ಕೈಯಲ್ಲ, ಕಣ್ಣು

ಹಾಗಾದರೆ ಎಡಗೈಯವರೆಲ್ಲ ಎಡಭುಜದಿಂದ ಹೊಡೆದರೆ ಸಾಕೇ? ಅದೂ ಅಲ್ಲ. ಕೋವಿಯನ್ನು ಯಾವ ಭುಜಕ್ಕೆ ಇಡಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೈಯಲ್ಲ, ಕಣ್ಣು.

ಎರಡು ಕೈಗಳಲ್ಲಿ ಒಂದು ಮುಂದಾಳಾಗಿರುವಂತೆ ಎರಡು ಕಣ್ಣುಗಳಲ್ಲಿಯೂ ಒಂದು ಮುಂದಾಳು. ಎರಡೂ ತೆರೆದಿರುವಾಗ ಗುರಿಯ ನೇರವನ್ನು ಮೆದುಳು ಈ ಯಜಮಾನ ಕಣ್ಣಿನ ಮಾತಿನಂತೆ ನಿಶ್ಚಯಿಸುತ್ತದೆ. ಇಟಲಿಯ ಪಂಡಿತ ಜಾಂಬತ್ತಿಸ್ತಾ ದೆಲ್ಲಾ ಪೋರ್ತಾ 1593ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದನು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಬಲಗಣ್ಣೂ, ಉಳಿದವರಲ್ಲಿ ಬಹುತೇಕರಿಗೆ ಎಡಗಣ್ಣೂ ಯಜಮಾನ. ಎಡಗೈಯವರು ಹತ್ತರಲ್ಲಿ ಒಬ್ಬರು ಎಂಬುದನ್ನು ನೆನೆದರೆ ವಿಷಯ ತಾನೇ ಸ್ಪಷ್ಟವಾಗುತ್ತದೆ. ಬಲಗೈಯಿಂದ ಬರೆದು, ಬಲಗೈಯಿಂದ ಉಂಡು, ಎಡಗಣ್ಣಿನಿಂದ ಗುರಿ ನೋಡುವವರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ಅವರಲ್ಲಿ ಬಹುಮಂದಿಗೆ ಅದು ಗೊತ್ತೇ ಇರುವುದಿಲ್ಲ.

ಇದನ್ನು ತಿಳಿಯಲು ಕೋವಿಯೇನೂ ಬೇಕಿಲ್ಲ. ಮನೆಮಂದಿಯೆಲ್ಲ ಸಂಜೆ ಕುಳಿತು ಪರೀಕ್ಷಿಸಿಕೊಳ್ಳಬಹುದು. ಎರಡೂ ಕೈಗಳನ್ನು ಮುಂದಕ್ಕೆ ನೀಡಿ, ಅಂಗೈಗಳನ್ನು ಒಂದರ ಮೇಲೊಂದು ತಂದು, ಹೆಬ್ಬೆರಳುಗಳ ಸಂದಿನಲ್ಲಿ ರೂಪಾಯಿ ನಾಣ್ಯದಷ್ಟು ಕಿಂಡಿ ಬಿಡಬೇಕು. ಎರಡು ಕಣ್ಣುಗಳನ್ನೂ ತೆರೆದುಕೊಂಡು ಆ ಕಿಂಡಿಯ ಮೂಲಕ ಗೋಡೆಯ ಗಡಿಯಾರವನ್ನು ನೋಡಬೇಕು. ಕೈ ಅಲುಗಿಸದೆ ಈಗ ಎಡಗಣ್ಣನ್ನು ಮುಚ್ಚಬೇಕು. ಗಡಿಯಾರ ಕಾಣುತ್ತಲೇ ಇದ್ದರೆ ಬಲಗಣ್ಣು ಯಜಮಾನ, ಮಾಯವಾದರೆ ಎಡಗಣ್ಣು. ನಾಲ್ಕಾರು ಸಲ ಮಾಡಿ ನೋಡಿ, ಪ್ರತಿಸಲವೂ ಅದೇ ಉತ್ತರ ಬಂದರೆ ನಂಬಬಹುದು. ಉತ್ತರ ಬದಲಾಗುತ್ತಿದ್ದರೆ ಎರಡು ಕಣ್ಣುಗಳೂ ಸರಿಸಮವಾಗಿ ದುಡಿಯುತ್ತಿವೆಯೆಂದು ತಿಳಿಯಬೇಕು. ಅಂಥವರೂ ಉಂಟು.

ರೈಫಲಿಗೆ ಹಿಂದೊಂದು ಮುಂದೊಂದು ಗುರಿಕಟ್ಟುಗಳಿರುತ್ತವೆ. ಒಂದು ಕಣ್ಣು ಮುಚ್ಚಿ ನಿಧಾನವಾಗಿ ಅವನ್ನು ಕೂಡಿಸಿ ಹೊಡೆಯಬಹುದು. ಚರೆ ಹಾರಿಸುವ ಕೋವಿಯಲ್ಲಿ ಹಾಗಿಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ ಮಾತ್ರ ಇರುತ್ತದೆ. ಹಿಂದಿನ ಗುರಿಕಟ್ಟು ಹೊಡೆಯುವವನ ಕಣ್ಣೇ. ಗುರಿ ಹಾರುತ್ತಿರುವಾಗ ಅದರ ವೇಗ, ದೂರಗಳನ್ನು ಅಳೆಯಲು ಎರಡು ಕಣ್ಣುಗಳೂ ತೆರೆದಿರಬೇಕು. ಆದುದರಿಂದ ಯಜಮಾನ ಕಣ್ಣು ನಳಿಗೆಯ ನೇರಕ್ಕೆ ಇಲ್ಲದಿದ್ದರೆ ಉಳಿದ ಜಾಣ್ಮೆಯೆಲ್ಲ ನೀರಿನಲ್ಲಿ ಮಾಡಿದ ಹೋಮ.

ಮೈದಾನದ ತರುಣನ ಮೊದಲ ಗುಂಡಿನ ಲೆಕ್ಕ ಇಲ್ಲಿದೆ. ಕೋವಿ ಬಲಭುಜದಲ್ಲಿತ್ತು; ಯಜಮಾನ ಎಡಗಣ್ಣು. ಕಣ್ಣಿಗೂ ಕಣ್ಣಿಗೂ ನಡುವಿನ ಅಂತರ ಸುಮಾರು 63 ಮಿಲಿಮೀಟರ್. ಕಣ್ಣಿನಿಂದ ನಳಿಗೆಯ ತುದಿಗೆ ಇರುವ ದೂರ ಒಂದು ಮೀಟರಿಗೆ ತುಸು ಕಡಿಮೆ. ಎಡಗಣ್ಣಿನಿಂದ ಮಣಿಯ ಮೂಲಕ ಕಾಯಿಯನ್ನು ನೋಡಿದಾಗ ನಳಿಗೆ ಓರೆಯಾಗಿ ಎಡಕ್ಕೆ ಮುಖ ಮಾಡಿರುತ್ತದೆ. ಆ ಓರೆ 35 ಮೀಟರ್ ದೂರ ಸಾಗುವಷ್ಟರಲ್ಲಿ ಎರಡು ಮೀಟರನ್ನೂ ಮೀರುತ್ತದೆ. ಆಜಾನುಬಾಹುವೊಬ್ಬ ಅಡ್ಡಲಾಗಿ ಮಲಗುವಷ್ಟು ಅಂತರ! ಅಷ್ಟು ದೂರದಲ್ಲಿ ಚರೆಗಳ ಗುಂಪು ಹರಡುವುದು ಒಂದು ಮೀಟರಿಗಿಂತಲೂ ಕಡಿಮೆ. ಕಾಯಿಗೆ ತಾಗುವುದಾದರೂ ಹೇಗೆ?

ಯಾರಿಗೆ ಯಾವ ಭುಜ?

ಕೈ, ಕಣ್ಣುಗಳ ಜೊತೆಯನ್ನು ನೋಡಿದರೆ ದಾರಿ ಹೀಗೆ ತೋರುತ್ತದೆ. ಎಡಗೈಯೂ ಎಡಗಣ್ಣೂ ಕೂಡಿದವರಿಗೆ ಸಂದೇಹವಿಲ್ಲ, ಎಡಭುಜವೇ ಅವರದು. ಎಡಗೈ, ಬಲಗಣ್ಣಿನವರು ಹೊಸದಾಗಿ ಕಲಿಯುವವರಾದರೆ ಬಲಭುಜದಿಂದ ಆರಂಭಿಸುವುದು ಲೇಸು. ಟ್ರಿಗರ್ ಎಳೆಯುವುದು ದೊಡ್ಡ ಕೌಶಲವೇನಲ್ಲ. ನಳಿಗೆಯನ್ನು ಗುರಿಯತ್ತ ಒಯ್ಯುವುದು ಮುಂದಿನ ಕೈ. ಬಲಭುಜದಿಂದ ಹೊಡೆಯುವವನಿಗೆ ಆ ಮುಂದಿನ ಕೈ ಎಡಗೈಯೇ ಆದುದರಿಂದ ಅದರ ಚಾತುರ್ಯ ಅಲ್ಲಿ ಸದುಪಯೋಗವಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೋವಿಗಳೆಲ್ಲವೂ ಇವರಿಗೆ ಒಗ್ಗುತ್ತವೆ.

ಇದಕ್ಕೆ ತಿರುಗುಮುರುಗಾಗಿ, ಬಲಗೈಯವರಾಗಿದ್ದು ಎಡಗಣ್ಣು ಯಜಮಾನನಾಗಿರುವವರು ಎಡಭುಜದಿಂದ ಕಲಿಯುವುದು ಒಳ್ಳೆಯದು. ಜೀವಮಾನದಲ್ಲಿ ಎಂದೂ ಎಡಚರೆನಿಸಿಕೊಳ್ಳದ ಇವರೂ ಕೋವಿ ಕೊಳ್ಳುವ ಹೊತ್ತಿಗೆ ಎಡಗೈಯವರ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ.

ಇಪ್ಪತ್ತು ಮೂವತ್ತು ವರ್ಷ ಒಂದೇ ಭುಜದಿಂದ ಹೊಡೆದು ಪಳಗಿದವರಿಗೆ ಭುಜ ಬದಲಿಸು ಎಂದರೆ ಸುಲಭವಲ್ಲ. ಅವರಿಗೆ ಬೇರೆ ಉಪಾಯಗಳಿವೆ. ಕೋವಿ ಮೇಲೆ ಬರುತ್ತಿದ್ದಂತೆ ಯಜಮಾನ ಕಣ್ಣನ್ನು ಅರೆಮುಚ್ಚುವುದು ಒಂದು; ಕನ್ನಡಕದ ಆ ಗಾಜಿನ ಮೇಲೆ, ನಳಿಗೆಯ ತುದಿಯನ್ನು ಮಾತ್ರ ಮರೆಮಾಡುವಂತೆ, ಮಸುಕಾದ ಅಂಟುಪಟ್ಟಿಯ ತುಣುಕೊಂದನ್ನು ಹಚ್ಚುವುದು ಇನ್ನೊಂದು. ಇಂಗ್ಲೆಂಡಿನ ಕೋವಿ ತಯಾರಕರು ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಬಲಭುಜಕ್ಕೆ ಆತುಕೊಂಡು ಎಡಗಣ್ಣಿನ ಮುಂದೆ ನಳಿಗೆ ಬರುವಂತೆ ಹಾವಿನ ಹಾಗೆ ತಿರುಚಿದ ಹಿಡಿಯನ್ನೇ ಮಾಡಿಕೊಟ್ಟದ್ದುಂಟು. ಬಲಗಣ್ಣನ್ನು ಕಳೆದುಕೊಂಡ ಹಳೆಯ ಬೇಟೆಗಾರರಿಗೆ ಅಂಥ ಕೋವಿಗಳು ಮರಳಿ ಮೈದಾನವನ್ನು ಕಾಣಿಸಿದವು. ನೋಡಲು ವಿಕಾರ, ತೂಕಕ್ಕೂ ಹೆಚ್ಚು; ಆದರೂ ಕೆಲಸಕ್ಕೆ ಮೋಸವಿಲ್ಲ.

ಮರದ ಬಾಗು

ಇನ್ನು ಎರಡನೆಯ ಗುಂಡಿನ ಮಾತು. ಈ ಸಲ ಕಣ್ಣೂ ಭುಜವೂ ಹೊಂದಿದ್ದವು. ಆದರೂ ಗುಂಡು ಬಲಕ್ಕೆ ಹೋಯಿತು. ಏಕೆ?

ಒಳ್ಳೆಯ ಕೋವಿಯೊಂದನ್ನು ಮೇಜಿನ ಮೇಲೆ ಕವುಚಿ ಇಟ್ಟು ನಳಿಗೆಯ ಉದ್ದಕ್ಕೂ ನೋಡಿದರೆ, ಭುಜಕ್ಕೆ ಆನುವ ಮರದ ಹಿಡಿ ನಳಿಗೆಯ ನೇರದಲ್ಲಿಲ್ಲದಿರುವುದು ಕಾಣುತ್ತದೆ. ಬಲಗೈಯವರ ಕೋವಿಯಲ್ಲಿ ಆ ಹಿಡಿ ಹಿಂದಕ್ಕೆ ಹೋದಂತೆ ತುಸು ಬಲಕ್ಕೆ ಬಾಗಿರುತ್ತದೆ. ತುದಿಯಲ್ಲಿ ಸಾಮಾನ್ಯವಾಗಿ ಕಾಲಂಗುಲದಷ್ಟು. ಭುಜದ ಕುಳಿ ಕಣ್ಣಿನ ನೇರದಲ್ಲಿಲ್ಲ, ಅದರ ಹೊರಗಿದೆ. ಹಿಡಿ ನೆಟ್ಟಗಿದ್ದರೆ ಕುತ್ತಿಗೆಯನ್ನು ಸೊಟ್ಟಗೆ ಚಾಚಬೇಕಾಗುತ್ತದೆ. ಈ ಬಾಗಿನಿಂದಾಗಿ ಕೆನ್ನೆ ಮರವನ್ನು ಮುಟ್ಟಿದೊಡನೆ ಕಣ್ಣು ತಾನಾಗಿಯೇ ನಳಿಗೆಯ ನಡುಬೆನ್ನಿನ ಮೇಲೆ ಬಂದು ನಿಲ್ಲುತ್ತದೆ.

ಅದೇ ಕೋವಿಯನ್ನು ಎಡಭುಜಕ್ಕೆ ಇಟ್ಟರೆ ಉಪಕಾರವೇ ಅಪಕಾರವಾಗುತ್ತದೆ. ಎಡಗೈಯವನ ಕೆನ್ನೆ ಇರುವುದು ಹಿಡಿಯ ಬಲಪಕ್ಕದಲ್ಲಿ. ಬಲಕ್ಕೆ ಬಾಗಿದ ಮರ ಆ ಕೆನ್ನೆಯನ್ನು ಹೊರಕ್ಕೆ ದೂಡುತ್ತದೆ. ಕಣ್ಣು ನಳಿಗೆಯ ಬಲಕ್ಕೆ ಸರಿಯುತ್ತದೆ. ಕಣ್ಣು ಸರಿದದ್ದು ಬರಿಯ 6 ಮಿಲಿಮೀಟರ್ ಆದರೂ 35 ಮೀಟರ್ ದೂರದಲ್ಲಿ ಗುಂಡು ಒಂದು ಗೇಣು ಬಲಕ್ಕೆ ಹೋಗುತ್ತದೆ. ಸಿಡಿದಾಗ ಹಿಂದಕ್ಕೆ ಒದೆಯುವ ಮರ ಸೀದಾ ಕೆನ್ನೆಯ ಮೂಳೆಗೆ ಬಡಿಯುತ್ತದೆ. ಎರಡು ಸಾರಿ ಪೆಟ್ಟು ತಿಂದವನು ಮೂರನೆಯ ಸಾರಿ ಮುಖವನ್ನೇ ಹಿಂದೆಗೆಯುತ್ತಾನೆ. ಅಲ್ಲಿಗೆ ಗುರಿಯೆಂಬುದು ಪೂರ್ತಿ ಹೋದಂತೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ಮರವನ್ನು ಬಾಗಿಸಬಹುದು. ಹಿಡಿ ಮಾಡುವುದು ಬಹುಮಟ್ಟಿಗೆ ಅಕ್ರೋಟು ಮರದಿಂದ. ನುರಿತ ಕೋವಿ ಕೆಲಸಗಾರನು ಹಿಡಿಯ ಸಣ್ಣ ಕತ್ತಿನ ಮೇಲೆ ಬಿಸಿಯಾದ ಅಗಸೆ ಎಣ್ಣೆಯನ್ನು ಬಹಳ ಹೊತ್ತು ಸುರಿದು, ಮರ ಮೆದುವಾದಾಗ ಚೌಕಟ್ಟಿನಲ್ಲಿ ಬಿಗಿದು, ಬೇಕಾದಷ್ಟು ತಿರುಗಿಸಿ ಆರಲು ಬಿಡುತ್ತಾನೆ. ಬಲಕ್ಕಿದ್ದ ಬಾಗು ಎಡಕ್ಕೆ ಬರುತ್ತದೆ. ಮುಂದೊಂದು ದಿನ ಮೊಮ್ಮಗ ಬಲಗೈಯವನಾದರೆ ಮತ್ತೆ ತಿರುಗಿಸಲೂಬಹುದು. ಹಳೆಯ ಮರ ಸೀಳುವ ಅಪಾಯ ಇಲ್ಲದಿಲ್ಲ. ಆದುದರಿಂದ ಈ ಕೆಲಸ ತಿಳಿದವನ ಕೈಯಲ್ಲಿಯೇ ಆಗಬೇಕು.

ಅಳತೆ ತೆಗೆಯಲು ಲಂಡನ್ನಿನ ತಯಾರಕರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಒಂದು ವಿಚಿತ್ರ ಕೋವಿಯನ್ನು ಬಳಸುತ್ತ ಬಂದಿದ್ದಾರೆ. ಅದರ ಹಿಡಿಗೆ ಕೀಲುಗಳೂ ತಿರುಪುಗಳೂ ಇರುತ್ತವೆ. ದರ್ಜಿಯು ಅಂಗಿಗೆ ಅಳತೆ ಹಿಡಿಯುವಂತೆ, ಗಿರಾಕಿಯ ಕತ್ತು, ಕೆನ್ನೆ, ತೋಳುಗಳಿಗೆ ಸರಿಯಾಗುವವರೆಗೆ ಅದನ್ನು ಉದ್ದಕ್ಕೆ, ಎತ್ತರಕ್ಕೆ, ಪಕ್ಕಕ್ಕೆ ಹೊಂದಿಸುತ್ತಾರೆ. ಆಮೇಲೆ ಆ ಅಂಕಿಗಳಂತೆ ನಿಜವಾದ ಹಿಡಿಯನ್ನು ಕೆತ್ತುತ್ತಾರೆ. ಈಗಿನ ಇಟಲಿಯ ಹಲವು ಕೋವಿಗಳೊಡನೆ ತೆಳುವಾದ ಬಿಲ್ಲೆಗಳು ಬರುತ್ತವೆ. ಹಿಡಿ ಮತ್ತು ಉಕ್ಕಿನ ದೇಹದ ನಡುವೆ ಬಿಲ್ಲೆ ಬದಲಿಸಿದರೆ ಬಾಗು ಎಡಕ್ಕೋ ಬಲಕ್ಕೋ ಹೊರಳುತ್ತದೆ. ಕೊಳ್ಳುವವರು ಇದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬೇಕು.

ಯಾವ ಕೋವಿ ಕೊಳ್ಳಬೇಕು?

ಅಕ್ಕಪಕ್ಕದ ಜೋಡುನಳಿಗೆಯ ಕೋವಿ ಎಡಗೈಯವರ ಹಳೆಯ ಮಿತ್ರ. ಎರಡು ನಳಿಗೆಗೆ ಎರಡು ಯಂತ್ರ, ಒಂದು ಈಚೆ, ಒಂದು ಆಚೆ. ಪಕ್ಷಪಾತಕ್ಕೆ ಎಡೆ ಕಡಿಮೆ. ಸೇಫ್ಟಿ ಕ್ಯಾಚು ಹಿಡಿಯ ಕತ್ತಿನ ನಡುಬೆನ್ನಿನ ಮೇಲಿರುವುದರಿಂದ ಯಾವ ಹೆಬ್ಬೆರಳಿಗೂ ಎಟಕುತ್ತದೆ. ಸುಟ್ಟ ತೋಟಾ ಪಕ್ಕಕ್ಕೆ ಹಾರುವುದಿಲ್ಲ. ಕೋವಿಯನ್ನು ಮುರಿದಾಗ ಹಿಂದಕ್ಕೆ ಬರುತ್ತದೆ. ಉಳಿಯುವುದು ಎರಡು ಸಣ್ಣ ತೊಡಕು. ಕೋವಿಯನ್ನು ತೆರೆಯುವ ಮೇಲಿನ ಸನ್ನೆ ಬಲ ಹೆಬ್ಬೆರಳಿನಿಂದ ಬಲಕ್ಕೆ ದೂಡುವಂತಿದೆ. ಎಡಗೈಯವನು ಹೆಬ್ಬೆರಳನ್ನು ಕೊಕ್ಕೆಯಂತೆ ಹಾಕಿ ಎಳೆಯಬೇಕು. ವಾರದಲ್ಲಿ ಅದು ರೂಢಿಯಾಗುತ್ತದೆ. ಎರಡು ಟ್ರಿಗರುಗಳಲ್ಲಿ ಮುಂದಿನದು ಬಲನಳಿಗೆಯನ್ನೂ ಹಿಂದಿನದು ಎಡನಳಿಗೆಯನ್ನೂ ಹಾರಿಸುತ್ತದೆ. ಅಪ್ಪಟ ಎಡಗೈ ಕೋವಿಗಳಲ್ಲಿ ಸನ್ನೆ ಎಡಕ್ಕೆ ತೆರೆಯುತ್ತದೆ, ಟ್ರಿಗರುಗಳ ಕ್ರಮವೂ ಅದಲುಬದಲಾಗಿರುತ್ತದೆ. ಅವು ಸಿಗುವುದು ಅಪರೂಪ. ಮರಳಿ ಮಾರುವಾಗ ಕೊಳ್ಳುವವರೂ ಅಪರೂಪ.

ಒಂದರ ಮೇಲೊಂದು ನಳಿಗೆಯಿರುವ ಕೋವಿ ಇಂದು ಪಂದ್ಯದ ಮೈದಾನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಅದರಲ್ಲಿಯೂ ಇದೇ ಅನುಕೂಲಗಳಿವೆ. ಆದರೆ ಪಂದ್ಯದ ಕೋವಿಗಳ ಹಿಡಿಯಲ್ಲಿ ಅಂಗೈ ತುಂಬುವಂತೆ ಒಂದು ಉಬ್ಬು ಮಾಡಿರುತ್ತಾರೆ. ಬಲಗೈಗೆ ಹಿತವಾದ ಆ ಉಬ್ಬು ಎಡಗೈಯಲ್ಲಿ ಬೆರಳುಗಳ ಕಡೆಗೆ ಬಂದು ತೊಂದರೆ ಕೊಡುತ್ತದೆ. ಕೊಳ್ಳುವ ಮುನ್ನ ಹಿಡಿದು ನೋಡಬೇಕು. ಕೆನ್ನೆಯ ಮರವನ್ನು ಮೇಲೆ ಕೆಳಗೆ, ಅತ್ತ ಇತ್ತ ಸರಿಸುವ ಏರ್ಪಾಡಿದ್ದರೆ ಎಡಗೈಯವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಒಂದೇ ನಳಿಗೆಯ, ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿಗಳಲ್ಲಿ ಮತ್ತು ತಾನೇ ತುಂಬಿಕೊಳ್ಳುವ ಕೋವಿಗಳಲ್ಲಿ ಎಚ್ಚರ ಹೆಚ್ಚು ಬೇಕು. ಇವುಗಳ ಬಾಗಿಲು ಬಲಪಕ್ಕದಲ್ಲಿರುತ್ತದೆ. ಎಡಭುಜದಿಂದ ಹೊಡೆಯುವವನ ಮುಖದ ಮುಂದೆಯೇ ಬಿಸಿ ತೋಟಾ ಹಾರಿಹೋಗುತ್ತದೆ. ಮೈಗೆ ತಾಗುವುದು ಅಪರೂಪವಾದರೂ ಮದ್ದಿನ ಕಣಗಳು ಕಣ್ಣಿನ ಕಡೆಗೆ ಬರುವುದುಂಟು. ಗಟ್ಟಿಯಾದ ಕನ್ನಡಕವಿಲ್ಲದೆ ಹೊಡೆಯಲೇಬಾರದು. ಇದಕ್ಕಿಂತಲೂ ಗಂಭೀರವಾದುದು ಸೇಫ್ಟಿಯ ಗುಂಡಿ. ಹಲವು ಮಾದರಿಗಳಲ್ಲಿ ಅದು ಟ್ರಿಗರಿನ ಬಳಿ ಅಡ್ಡಲಾಗಿರುತ್ತದೆ. ಬಲಗೈಯ ತೋರುಬೆರಳು ಬಲದಿಂದ ಎಡಕ್ಕೆ ಒತ್ತಿದರೆ ಕೋವಿ ಸಿದ್ಧವಾಗುತ್ತದೆ. ಎಡಗೈಯವನ ಬೆರಳು ಇರುವುದು ಆಚೆ ಪಕ್ಕದಲ್ಲಿ. ಅದು ಒತ್ತಿದರೆ ಕೋವಿಗೆ ಬೀಗ ಬೀಳುತ್ತದೆ, ತೆರೆಯಬೇಕಾದರೆ ಹಿಡಿತವನ್ನೇ ಬದಲಿಸಬೇಕು. ತುಂಬಿದ ಕೋವಿಯಲ್ಲಿ ಹಿಡಿತ ಬದಲಿಸುವ ಆ ಗಳಿಗೆಯೇ ಅಪಾಯದ ಗಳಿಗೆ. ಈ ಗುಂಡಿಯನ್ನು ತಿರುಗುಮುರುಗಾಗಿ ಕೂಡಿಸಲು ಅನೇಕ ಕೋವಿಗಳಲ್ಲಿ ಸಾಧ್ಯವುಂಟು. ಕೆಲಸಗಾರನಿಂದ ಮೊದಲು ಅದನ್ನು ಮಾಡಿಸಬೇಕು.

ಅಮೆರಿಕದ ತಯಾರಕರು ಎಡಗೈಯವರನ್ನು ಪೂರ್ತಿ ಮರೆತಿಲ್ಲ. 1937ರಲ್ಲಿ ಬಂದ ಇಥಾಕಾ 37 ಸುಟ್ಟ ತೋಟಾವನ್ನು ಪಕ್ಕಕ್ಕಲ್ಲ, ಕೆಳಕ್ಕೆ ಉದುರಿಸುತ್ತದೆ. ಬ್ರೌನಿಂಗ್ ಬಿಪಿಎಸ್ ಎಂಬುದು ಕೆಳಕ್ಕೆ ಉದುರಿಸುವುದರ ಜೊತೆಗೆ ಸೇಫ್ಟಿಯನ್ನೂ ಬೆನ್ನಿನ ಮೇಲೆ ಇಟ್ಟುಕೊಂಡಿದೆ. ಮಾಸ್‌ಬರ್ಗ್ 500ರ ಬಾಗಿಲು ಬಲಕ್ಕಿದ್ದರೂ ಸೇಫ್ಟಿ ಮೇಲೆಯೇ ಇದೆ. ರೆಮಿಂಗ್ಟನ್ 870ರಲ್ಲಿ ಕನ್ನಡಿಯ ಬಿಂಬದಂತೆ ಎಲ್ಲವೂ ಎಡಕ್ಕೆ ತಿರುಗಿದ ಮಾದರಿಯೊಂದನ್ನೂ ಮಾಡಿದ್ದರು.

ಬಳಸುವ ಬಗೆ

ಕೋವಿ ಸರಿಯಾದ ಮೇಲೆ ಮೈಯನ್ನು ಸರಿಪಡಿಸಿಕೊಳ್ಳಬೇಕು. ಬಲಗೈಯವರಿಗಾಗಿ ಬರೆದ ಪಾಠಗಳನ್ನೆಲ್ಲ ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು. ಬಲಗಾಲು ಮುಂದೆ, ಭಾರ ಅದರ ಮೇಲೆ. ಬಲಗೈ ನಳಿಗೆಯ ಕೆಳಗೆ, ಎಡಗೈ ಟ್ರಿಗರಿನ ಬಳಿ. ಎಡಭುಜದವನ ಮೈ ಬಲಕ್ಕೆ ಸಲೀಸಾಗಿ ತಿರುಗುತ್ತದೆ. ಎಡಕ್ಕೆ ಹಾರುವ ಗುರಿಯನ್ನು ಬೆನ್ನಟ್ಟುವಾಗ ಭುಜ ಮುಂದೆ ಹೋಗಿ ಮುಖ ಹಿಂದುಳಿಯುತ್ತದೆ. ಮರ ಕೆನ್ನೆಯಿಂದ ಕಳಚುತ್ತದೆ. ಅಂಥ ಗುರಿಗೆ ಪಾದಗಳನ್ನು ಮೊದಲೇ ಇನ್ನಷ್ಟು ಎಡಕ್ಕೆ ಇಟ್ಟು ನಿಲ್ಲುವುದು ಜಾಣತನ. ಕನ್ನಡಿಯ ಮುಂದೆ ನಿಂತು, ಖಾಲಿಯೆಂದು ಎರಡು ಬಾರಿ ಪರೀಕ್ಷಿಸಿದ ಕೋವಿಯನ್ನು ದಿನಕ್ಕೆ ಇಪ್ಪತ್ತು ಸಲ ಮೆಲ್ಲನೆ ಭುಜಕ್ಕೇರಿಸುವ ಅಭ್ಯಾಸ ತೋಟಾಗಳ ಪೆಟ್ಟಿಗೆಯೊಂದಕ್ಕಿಂತ ಹೆಚ್ಚು ಕಲಿಸುತ್ತದೆ. ಕೋವಿ ಕೆನ್ನೆಗೆ ಬಂದಾಗ ಯಜಮಾನ ಕಣ್ಣು ನಳಿಗೆಯ ನೇರ ಮೇಲೆ ಕಾಣಬೇಕು.

ಜೊತೆಯವರ ಕ್ಷೇಮವನ್ನೂ ನೆನೆಯಬೇಕು. ಎದೆಗೆ ಅಡ್ಡಲಾಗಿ ಕೋವಿ ಹಿಡಿದು ಸಾಲಿನಲ್ಲಿ ನಡೆವಾಗ ಬಲಗೈಯವರ ನಳಿಗೆಗಳು ಎಡಕ್ಕೆ ನೋಡುತ್ತವೆ, ಎಡಗೈಯವನ ನಳಿಗೆ ಬಲಕ್ಕೆ. ಬಲಪಕ್ಕದವನಿಗೆ ಇದರ ಅರಿವಿರುವುದಿಲ್ಲ. ಆದುದರಿಂದ ಎಡಗೈಯವನು ಸಾಲಿನ ಬಲತುದಿಯಲ್ಲಿರುವುದು, ಇಲ್ಲವೇ ಕೋವಿಯನ್ನು ಮುರಿದು ತೋಟಾ ತೆಗೆದು ನಡೆಯುವುದು ಒಳಿತು. ಎರಡನೆಯದು ಎಲ್ಲರಿಗೂ ಒಳಿತು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸು ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಕಾಲ ಮುಗಿಯಿತು. ಕೋವಿಯ ಕೌಶಲಕ್ಕೆ ಇಂದು ಉಳಿದಿರುವ ಬಯಲು ಕ್ರೀಡೆಯದು. 110 ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಯಂತ್ರವು ಆಕಾಶಕ್ಕೆ ಚಿಮ್ಮಿಸುತ್ತದೆ. 24 ಗ್ರಾಂ ಚರೆಯಿಂದ ಅದನ್ನು ಒಡೆಯಬೇಕು. ಬಿಕಾನೇರಿನ ಕರಣೀ ಸಿಂಗ್ ಅವರು 1962ರಲ್ಲಿ ಕೈರೋದ ವಿಶ್ವಸ್ಪರ್ಧೆಯಲ್ಲಿ, ರಾಜ್ಯವರ್ಧನ ಸಿಂಗ್ ರಾಥೋಡ್ ಅವರು 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇಂಥ ಬಿಲ್ಲೆಗಳ ಪಂದ್ಯದಲ್ಲಿಯೇ.

ಕೈ ಬದಲಿಸಿದ ಸೈನಿಕ

ಕೈ ಬದಲಿಸುವುದು ಅಸಾಧ್ಯವೆಂದು ಇದರ ಅರ್ಥವಲ್ಲ. ಹಂಗೆರಿಯ ಸೈನಿಕ ಕಾರೋಯ್ ತಾಕಾಚ್ ಬಲಗೈಯಲ್ಲಿ ಪಿಸ್ತೂಲು ಹಿಡಿದ ನಿಪುಣ. 1938ರಲ್ಲಿ ತರಬೇತಿಯ ವೇಳೆ ಕೈಬಾಂಬೊಂದು ಸಿಡಿದು ಆ ಬಲಗೈ ಹೋಯಿತು. ಆತ ಯಾರಿಗೂ ಹೇಳದೆ ಎಡಗೈಯಿಂದ ಕಲಿಯತೊಡಗಿದ. ಮರುವರ್ಷವೇ ತನ್ನ ದೇಶದ ಪಂದ್ಯವನ್ನು ಗೆದ್ದ. ಮಹಾಯುದ್ಧ ಮುಗಿದು 1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದಾಗ ಅವನಿಗೆ 38 ವರ್ಷ. ಇಲ್ಲಿಗೇಕೆ ಬಂದೆ ಎಂದು ಆಗಿನ ವಿಶ್ವವಿಜೇತ ಕೇಳಿದನಂತೆ. ಕಲಿಯಲು ಬಂದೆ ಎಂದನಂತೆ ತಾಕಾಚ್. 580 ಅಂಕಗಳ ವಿಶ್ವದಾಖಲೆಯೊಡನೆ ಚಿನ್ನ ಅವನದಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೊಮ್ಮೆ.

ಆದರೆ ತಾಕಾಚನಿಗೆ ಬೇರೆ ದಾರಿಯಿರಲಿಲ್ಲ. ಅವನ ಕೈಯಲ್ಲಿದ್ದುದು ಪಿಸ್ತೂಲು, ಕೆನ್ನೆಗೆ ಆನುವ ಕೋವಿಯಲ್ಲ. ಎರಡು ಕೈಗಳೂ ಚೆನ್ನಾಗಿರುವ ತರುಣನಿಗೆ ಆ ತಪಸ್ಸನ್ನು ಹೇರಬೇಕಾದ ಅಗತ್ಯವೇನಿದೆ? ಕೊಡಗಿನ ಮೈದಾನದ ಆ ಹುಡುಗನಿಗೆ ಬೇಕಾಗಿರುವುದು ಕಿಂಡಿಯ ಮೂಲಕ ಗಡಿಯಾರ ನೋಡುವ ಒಂದು ನಿಮಿಷ ಮತ್ತು ಅಜ್ಜನ ಕೋವಿಯ ಮರಕ್ಕೆ ಒಂದಿಷ್ಟು ಬಿಸಿ ಎಣ್ಣೆ. ಮುಂದಿನ ಕೈಲ್ ಮುಹೂರ್ತದ ಹೊತ್ತಿಗೆ ಅದೇ ಕೋವಿಯನ್ನು ಅದೇ ತೋಕ್ ಪೂವಿನಿಂದ ಸಿಂಗರಿಸಬಹುದು. ಕಾಯಿ ಉರುಳಿದಾಗ ಯಾವ ಭುಜದಿಂದ ಹೊಡೆದನೆಂದು ಕೇಳುವವರು ಯಾರೂ ಇರಲಾರರು.